ಭಾರತಮ್ಮನ ಟಿಕೆಟ್ಟು

ತಂಪು — ಎರಡೂ ಕಡೆಯ ಬಂಡೆಗಳ ಸಂದಿಯಿಂದ ಬರುತ್ತಿರುವ ತಂಪು, ಹೊರಗೆ ಮರಳುಗಾಡಿನ ಬಿಸಿಲು ನೆತ್ತಿ ಸುಡುತ್ತಿದ್ದರೂ ಇಲ್ಲಿ ಕುತ್ತಿಗೆಯ ಬೆವರು ಆರುತ್ತಿದೆ, ಇದನ್ನು ಯಾರೂ ಹೇಳಿರಲಿಲ್ಲವಲ್ಲ ಎಂದುಕೊಂಡ ಭೀಮರಾಜ, ಒಂಬತ್ತು ವರ್ಷಗಳಿಂದ ಊಟಕ್ಕೆ ಕೂತವರ ತಟ್ಟೆಗೆ ಸಾರು ಬಡಿಸುತ್ತಾ ಅವರ ಬಾಯಿಂದಲೇ ಜೋರ್ಡಾನಿನ ಪೆಟ್ರಾ ಎಂಬ ಈ ಹಾಳುಬಿದ್ದ ಪಟ್ಟಣದ ಸುದ್ದಿಯೆಲ್ಲ ಕೇಳಿದ್ದಾನೆ, ಬಂಡೆಯ ಬಣ್ಣ ಹೇಳಿದ್ದಾರೆ, ಕಂಬಗಳ ಎತ್ತರ ಹೇಳಿದ್ದಾರೆ, ಕುದುರೆ ಲದ್ದಿಯ ನಾತ ಹೇಳಿದ್ದಾರೆ, ತಂಪಿನ ಮಾತು ಮಾತ್ರ ಒಬ್ಬರೂ ಎತ್ತಲಿಲ್ಲ, ಎತ್ತಿದ್ದರೆ ಅದನ್ನೂ ಹೆಂಡತಿ ಭಾರತಮ್ಮನಿಗೆ ಹೇಳಿರುತ್ತಿದ್ದ, ಒಳಗೆ ಕಾಲಿಟ್ರೆ ಸಾಕು ಕಣೇ, ನಮ್ಮ ಹುಣಸೆತೋಪಿನಂಗೆ ತಣ್ಣಗಿರ್ತದೆ ಅಂತ. ಅಂಗಿಜೇಬಿನಲ್ಲಿ ಹೆಂಡತಿಯ ಟಿಕೆಟ್ಟು ಎದೆಗೆ ಚುಚ್ಚುತ್ತಿದೆ. ಮುಂದೆ ಇಪ್ಪತ್ತಾರು ಜನ, ಕೋಲಾರ, ಮಾಲೂರು, ಶ್ರೀನಿವಾಸಪುರದವರು, ಎಲ್ಲರ ತಲೆಯ ಮೇಲೂ ಟೂರು ನಡೆಸುವ ಶ್ರೀಧರ್ ಕೊಟ್ಟ ಹಳದಿ ಟೋಪಿ, ಅವನಿಗಿಲ್ಲ, ಅಡುಗೆಯವನಿಗೆ ಟೋಪಿ ಯಾಕೆ, ಶ್ರೀಧರನ ಟೂರಿನ ಕರಪತ್ರದಲ್ಲಿ ಅವನ ಹೆಸರೂ ಇಲ್ಲ, ಯಾವ ದೇಶಕ್ಕೆ ಹೋದರೂ ಮೂರು ಹೊತ್ತೂ ನಮ್ಮೂರಿನ ಊಟ ಎಂಬ ಒಂದು ಸಾಲಿದೆ, ಆ ಸಾಲೇ ಅವನು. ನಂಗಲಿಯ ಹೆದ್ದಾರಿಯ ಹೋಟೆಲಿನಲ್ಲಿ ಲಾರಿಯವರಿಗೆ ಮುದ್ದೆ ತಿರುವುತ್ತಿದ್ದವನನ್ನು ಶ್ರೀಧರ್ ಒಂದು ದಿನ ಬಸ್ಸಾರು ಉಂಡು ಕರೆದುಕೊಂಡು ಹೋದ, ಮೊದಲು ರಾಜಸ್ಥಾನ, ಆಮೇಲೆ ಈಜಿಪ್ಟು, ಆಮೇಲೆ ಜೋರ್ಡಾನ್, ಎಲ್ಲ ಕಡೆ ಮರಳು, ಎಲ್ಲ ಕಡೆ ಕಲ್ಲು, ಅವರು ಕಲ್ಲು ನೋಡಲು ಹೋಗುವರು, ಇವನು ಅಕ್ಕಿಯ ಕಲ್ಲು ಆರಿಸುತ್ತಾ ಕೂರುವನು. ಜೈಸಲ್ಮೇರಿನ ಕೋಟೆ ಅಂದರೆ ಅವನಿಗೆ ಒಂದು ಧರ್ಮಶಾಲೆಯ ಹಿತ್ತಿಲು, ಪಿರಮಿಡ್ಡು ಅಂದರೆ ಒಗ್ಗರಣೆಯ ಘಾಟು ತಡೆಯದೆ ತಾರಸಿಗೆ ಹೋದಾಗ ಎರಡು ನೀರಿನ ಟ್ಯಾಂಕುಗಳ ನಡುವೆ ಕಂಡ ಒಂದು ಬೂದು ಮೂಲೆ, ಪೆಟ್ರಾ ಅಂದರೆ ಗೇಟಿನ ಪಕ್ಕದ ಹೋಟೆಲಿನ ಹಿಂದಿನ ಅಡುಗೆಮನೆ, ಅದರಲ್ಲಿ ಅವನಿಗೆ ಬಿಟ್ಟುಕೊಟ್ಟ ಒಂದೇ ಒಂದು ಒಲೆ, ಹಿಂದೆ ಆರು ಸಲ ಬಂದಿದ್ದಾನೆ, ಆರು ಸಲವೂ ಅದೇ ಒಲೆ, ಎಡಗಡೆಯ ತಿರುಗಣಿ ಸಡಿಲ, ಕೂದಲೆಳೆಯಷ್ಟು ತಿರುಗಿಸಿದರೂ ಆರಿಹೋಗುತ್ತದೆ, ಇವತ್ತು ಆ ಒಲೆಯ ಮುಂದೆ ನಿಂತಿರುವ ಭಾರತಮ್ಮನಿಗೆ ಅದನ್ನು ಹೇಳಿಬರಲಿಲ್ಲ.

ಶುರುವಾದದ್ದು ಹೇಗೆ, ಅದು ಸುಳ್ಳು ಅಂತಲೂ ಆಗ ಅನ್ನಿಸಿರಲಿಲ್ಲ — ಮೊದಲ ಸಲ ಜೋರ್ಡಾನಿನಿಂದ ಬಂದ ಸಂಜೆ ಭಾರತಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು, ಪಕ್ಕದಲ್ಲಿ ಅವಳ ಅತ್ತಿಗೆ ಆಂಜಿನಮ್ಮ, ಏನೇನು ನೋಡ್ದೆ ಹೇಳು ಅಂತ ಭಾರತಮ್ಮ ಕೇಳಿದಳು, ಒಲೆ ನೋಡ್ದೆ ಅನ್ನಬಹುದಿತ್ತು, ಅನ್ನಲಿಲ್ಲ, ಬೆಟ್ಟಾನೇ ಕೊರೆದು ಅರಮನೆ ಮಾಡವ್ರೆ ಕಣೇ, ಎಂಟುನೂರು ಮೆಟ್ಲು ಹತ್ತಿದೆ, ಒಳಗೆ ಕಲ್ಲಿನ ರಾಣಿ ಕೂತವಳೆ, ಗೋಡೆ ತುಂಬ ಆನೆಗಳು, ಅಂದ, ರಾಣಿಯೂ ಆನೆಗಳೂ ಊರ ಹತ್ತಿರದ ಆವಣಿ ಬೆಟ್ಟದ ಗುಡಿಗಳಿಂದ ಬಂದವು, ಇನ್ನೆಲ್ಲಿಂದ ತರುವುದು, ಬೇರೆ ಯಾವ ಹಳೇ ಕಲ್ಲಿನ ಒಳಗೆ ಅವನು ಕಾಲಿಟ್ಟಿದ್ದ. ಭಾರತಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತ್ತು, ಅತ್ತಿಗೆಯ ಮುಂದೆ ಅವಳ ಮುಖ ಅರಳಿದ್ದನ್ನು ಕಂಡ ಮೇಲೆ ಆಡಿದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ, ಮುಂದಿನ ಸಲ ಇನ್ನಷ್ಟು ತರಬೇಕಾಯಿತು, ಅದರ ಮುಂದಿನ ಸಲ ಇನ್ನೂ ಇನ್ನಷ್ಟು, ಟೀ ಅಂಗಡಿಯ ಪೆದ್ದಪ್ಪ ಅವನಿಗೆ ದೇಶ ಕಂಡೋನು ಅಂತ ಹೆಸರಿಟ್ಟ, ಕಂಡವರು ಯಾರು ಅಂತ ಅವನಿಗೆ ಗೊತ್ತಿತ್ತು, ಪಲ್ಯಕ್ಕೆ ಉಪ್ಪು ಕಮ್ಮಿ ಅನ್ನುವವರು. ಈ ವರ್ಷ ಶ್ರೀಧರ್ ಆಫೀಸಿನಲ್ಲಿ ಎಲ್ಲರೆದುರಿಗೆ ಬೆನ್ನು ತಟ್ಟಿ, ಒಂಬತ್ತು ವರ್ಷ ದುಡಿದಿದ್ದೀಯ ಭೀಮಣ್ಣ, ಈ ಸಲ ನಿನ್ನ ಹೆಂಡ್ತೀನೂ ಕರ್ಕೊಂಡು ಬಾ, ಅವರ ಖರ್ಚು ನಂದು ಅಂದ, ಬೇಡವೆನ್ನಲು ಏನೂ ಹೊಳೆಯದೆ ಅವಳಿಗೆ ಮಂಡಿನೋವು ಸಾರ್ ಅಂದ, ಮನೆಯಲ್ಲಿ ಅವಳು, ನನ್ನ ಮಂಡಿ ನಂಗೆ ಗೊತ್ತಿಲ್ವಾ ಅಂದಳು, ವಿಮಾನದಲ್ಲಿ ಅವನ ಭುಜಕ್ಕೆ ಒರಗಿ, ಆ ರಾಣಿ ಹತ್ರ ನೀನೇ ಕರ್ಕೊಂಡು ಹೋಗ್ಬೇಕು, ಗೈಡು ಪೈಡು ಬೇಡ, ನೀನೇ ತೋರಿಸ್ಬೇಕು ಅಂದಳು, ಹೂಂ ಅಂದ.

ಇವತ್ತು ಬೆಳಿಗ್ಗೆ ಗೇಟಿನ ಮುಂದೆ ಶ್ರೀಧರ್ ಟಿಕೆಟ್ಟು ಹಂಚುತ್ತಾ, ಬನ್ನಿ ಭಾರತಮ್ಮ, ನೀವು ನಮ್ಮ ಜೊತೆ, ಭೀಮಣ್ಣ ಇಲ್ಲೇ ಇರ್ತಾನೆ, ಮಧ್ಯಾಹ್ನದ ಊಟ ಆಗ್ಬೇಕಲ್ಲ, ಪಾಪ ಆರು ಸಲ ಬಂದವ್ನೆ, ಒಂದ್ಸಲಾನೂ ಈ ಗೇಟ್ ದಾಟಿಲ್ಲ ನೋಡಿ — ಪ್ರೀತಿಯಿಂದಲೇ ಅಂದ, ಅದೇ ಕೆಟ್ಟದ್ದು, ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭಾರತಮ್ಮ ಶ್ರೀಧರನನ್ನು ನೋಡಿದಳು, ಗಂಡನನ್ನು ನೋಡಿದಳು, ಒಂದ್ಸಲಾನೂನಾ ಅಂದಳು, ಒಂದ್ಸಲಾನೂ ಇಲ್ಲಮ್ಮ ಅಂತ ಶ್ರೀಧರ್ ನಕ್ಕ. ಅವಳು ಅಳಲಿಲ್ಲ, ಕೂಗಾಡಲಿಲ್ಲ, ನಂಗಲಿಯಲ್ಲಾಗಿದ್ದರೆ ಪಾತ್ರೆ ಹಾರುತ್ತಿತ್ತು, ಇಲ್ಲಿ ಟಿಕೆಟ್ಟನ್ನು ಎರಡು ಮಡಿಕೆ ಮಡಿಚಿ ಅವನ ಅಂಗಿಜೇಬಿಗೆ ತುರುಕಿದಳು, ಪೋ, ಪೊಯ್ಯಿ ಚೂಸಿ ರಾ ಅಂದಳು, ಹೋಗಿ ನೋಡಿಕೊಂಡು ಬಾ ಅಂತ, ಸಿಟ್ಟು ಬಂದಾಗ ಅವಳ ಬಾಯಿಗೆ ತವರಿನ ತೆಲುಗೇ ಬರುವುದು. ಬೇಡ ಕಣೇ, ನೀನು ನೋಡ್ಲಿ ಅಂತ ತಾನೇ, ಎಂದು ಇವನು ಶುರುಮಾಡಿದ, ಅನ್ನ ನಾನು ಮಾಡ್ತೀನಿ, ನೀನು ಹೋಗು ಎಂದು ಅವಳು ಮುಗಿಸಿದಳು, ಶ್ರೀಧರ್ ಕಕ್ಕಾಬಿಕ್ಕಿಯಾಗಿ ಅಲ್ಲಮ್ಮ, ನೀವು, ಅನ್ನುವಷ್ಟರಲ್ಲಿ ನಂಗೆ ಮಂಡಿನೋವು ಸಾರ್ ಅಂದಳು, ಅನ್ನುವಾಗ ಗಂಡನ ಮುಖವನ್ನೇ ನೋಡುತ್ತಿದ್ದಳು. ಗೈಡು ತಲೆ ಎಣಿಸಿದ, ಇಪ್ಪತ್ತೇಳು, ಸರಿಹೋಯಿತು, ಯಾರ ತಲೆಯಾದರೇನು.

ಗೋಡೆಗಳು ಇನ್ನಷ್ಟು ಹತ್ತಿರ ಬಂದವು, ಮೇಲೆ ಆಕಾಶ ಒಂದು ಲಾಡಿಯಷ್ಟು ಉಳಿದಿದೆ, ಮುಂದಿದ್ದ ಅಮರನಾಥ್ ಮೇಷ್ಟ್ರು, ಮಾಲೂರಿನಲ್ಲಿ ಇತಿಹಾಸ ಪಾಠ ಹೇಳಿ ರಿಟೈರಾದವರು, ಹಿಂತಿರುಗಿ ನೋಡಿ, ಏನಯ್ಯಾ ನೀನೂ ಬಂದ್ಬಿಟ್ಟೆ, ಊಟಕ್ಕೇನು ಗತಿ ಅಂದರು, ನಮ್ಮನೆಯವಳು ಮಾಡ್ತಾವ್ಳೆ ಸಾರ್ ಅಂದ, ಹಾಗಂದರೆ ಸರಿ ಅಂತ ಅವರು ಸಮಾಧಾನದಿಂದ ನಡೆದರು, ಒಂದು ತಿರುವು, ಇನ್ನೊಂದು ತಿರುವು, ಬಂಡೆ ಬಾಯಿ ಬಿಟ್ಟಲ್ಲಿ ಗುಲಾಬಿ ಬಣ್ಣದ ಒಂದು ಕಂಬ, ಎರಡು ಕಂಬ, ಬೆಟ್ಟದ ಮೈಯಿಂದಲೇ ಎದ್ದುಬಂದ ಕಂಬಗಳು, ಅವನು ಕತ್ತು ಎತ್ತಿದ, ಎತ್ತುತ್ತಿದ್ದಂತೆ ಭೀಮಣ್ಣ ನೀನು ಬಂದಿದ್ದು ಒಳ್ಳೇದಾಯ್ತು, ತಗೋ ಎಲ್ಲರೂ ಬರಂಗೆ ಒಂದು ಫೋಟೋ ಹಿಡಿ ಅಂತ ಶ್ರೀಧರ್ ಕೈಗೆ ಫೋನು ಕೊಟ್ಟ, ಅದಾದ ಮೇಲೆ ನಮ್ಮದರಲ್ಲೂ ಒಂದು ಅಂತ ಶ್ರೀನಿವಾಸಪುರದ ಮಾವಿನ ಮಂಡಿಯವರು, ಆಮೇಲೆ ಅವರ ಹೆಂಡತಿ, ಆಮೇಲೆ ಮೇಷ್ಟ್ರು, ಹಿಂದಕ್ಕೆ ಹೋಗಯ್ಯಾ, ಇನ್ನೂ ಹಿಂದಕ್ಕೆ, ಮೇಲಿನ ಕಂಬ ಬಂತಾ, ನನ್ನ ಹೊಟ್ಟೆ ಕಾಣ್ತದಾ, ಹನ್ನೆರಡು ಫೋನು, ಹದಿಮೂರು, ಹಳದಿ ಟೋಪಿಗಳ ಹಿಂದೆ ಅಂಗೈಯಗಲದ ಅರಮನೆ, ಬೆರಳು ಒತ್ತುವಷ್ಟರಲ್ಲಿ ಸಣ್ಣದಾಗಿ, ಒತ್ತಿದ ಮೇಲೆ ಇನ್ನೊಬ್ಬರದಾಗಿ. ಒಳಗೇನಿದೆ ಸಾರ್, ರಾಣಿ ಗೀಣಿ ಏನಾದ್ರೂ, ಅಂತ ಮೇಷ್ಟ್ರನ್ನು ಕೇಳಿದ, ಏನೂ ಇಲ್ಲಯ್ಯ, ಖಾಲಿ ಕೋಣೆ, ಒಳಗೆ ಬಿಡೋದೂ ಇಲ್ಲ, ಮುಂದೆ ನೋಡಕ್ಕೆ ಅಷ್ಟೇ ಚೆಂದ ಅಂದರು. ಖಾಲಿ ಕೋಣೆ. ತಾನು ಜಗಲಿಯ ಮೇಲೆ ಕಟ್ಟಿದ್ದೇ ಇದಕ್ಕಿಂತ ಚೆನ್ನಾಗಿತ್ತು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಕೊನೆಯ ಫೋನು ಕೊಟ್ಟು ಈಗಲಾದರೂ ನೋಡೋಣ ಅಂತ ತಿರುಗಿದರೆ ಕಣ್ಣಿಗೆ ಕಂಬ ಕಾಣುತ್ತದೆ, ತಲೆಯೊಳಗೆ ಆ ಸಡಿಲ ತಿರುಗಣಿ, ಒಲೆ ಆರಿತೋ ಏನೋ, ಅನ್ನ ಬೆಂದಿತೋ ಇಲ್ಲವೋ, ಯಾರ ಹತ್ತಿರ ಬೆಂಕಿಪೊಟ್ಟಣ ಕೇಳಿದಳೋ, ಯಾವ ಭಾಷೆಯಲ್ಲಿ ಕೇಳಿದಳೋ.

ಅನ್ನ ಬೆಂದಿತ್ತು. ಎಲ್ಲರೂ ಉಂಡರು, ಸಾರು ಇವತ್ತು ಬಲು ಚೆನ್ನಾಗದೆ, ದಿನಾ ಇವರೇ ಮಾಡ್ಲಿ ಅಂದರು ಮಂಡಿಯವರು, ಭಾರತಮ್ಮ ನಕ್ಕು ಇನ್ನೊಂದು ಸೌಟು ಬಡಿಸಿದಳು, ಬಡಿಸುವುದು ಮುಗಿದ ಮೇಲೆ ಹಿಂಬಾಗಿಲಲ್ಲಿ ಟೊಮೇಟೊ ಕ್ರೇಟಿನ ಮೇಲೆ ಕೂತಳು, ಅವನು ಎದುರಿಗೆ ಬಂದು ನಿಂತ. ಹೆಂಗಿತ್ತು ಅಂದಳು. ಚೆನ್ನಾಗಿತ್ತು ಅಂದ. ನೀನು ಹೇಳ್ದಂಗೇ ಇತ್ತಾ. ಹೂಂ ಅನ್ನಲೇ, ಹೂಂ ಅಂದರೆ ಮತ್ತೆ ಶುರು, ಉಹುಂ ಅಂದರೆ ಇಷ್ಟು ವರ್ಷ ಅವಳು ಆಂಜಿನಮ್ಮನ ಮುಂದೆ ಆಡಿದ ಮಾತೆಲ್ಲ ಏನಾಗಬೇಕು, ಅವಳ ಮುಖ ನೋಡಲಾಗದೆ ಕೆಳಗೆ ನೋಡಿದ, ಅವನ ಚಪ್ಪಲಿಯ ತುಂಬ, ಬೆರಳ ಸಂದಿಯ ತುಂಬ ಕೆಂಪು ಧೂಳು, ಎದುರಿಗೆ ಅವಳ ಬೂಟು, ಮರಳಲ್ಲಿ ನಡೆಯಲು ಅಂತ ಮುಳಬಾಗಿಲಿನಲ್ಲಿ ಕೊಂಡದ್ದು, ಸೀರೆ ಎತ್ತಿ ಹಿಡಿದು ನಡುಮನೆಯಲ್ಲೇ ಎಂಟು ದಿನ ನಡೆದು ಕಾಲಿಗೆ ಅಭ್ಯಾಸ ಮಾಡಿಕೊಂಡಿದ್ದಳು, ಬಿಳಿ ಬೂಟು, ಹೇಳು ಅಂದಳು, ಬಿಳಿ ಬೂಟು, ಒಂದು ಕಣ ಧೂಳಿಲ್ಲ, ಹೇಳು, ಬಿಳಿ ಬೂಟು