ಎಡಗಣ್ಣಿನ ಗಂಧ

ತಲೆಗೆ ಹಾಕಿಕೊಂಡು ಆಡುವ ಕಂಪ್ಯೂಟರ್ ಆಟ ನಮ್ಮ ಕೊಟ್ಟೂರಿಗೆ ಬಂದದ್ದು ೧೯೯೭ರಲ್ಲಿ. ತಂದವನು ನಾನೇ. ನನ್ನ ತರಬೇತಿ ಕೇಂದ್ರಕ್ಕೆ ಬರುವವರು ಟೈಪಿಂಗ್ ಕಲಿತ ಕೂಡಲೇ ಮಾಯವಾಗುತ್ತಿದ್ದರು. ಅವರನ್ನು ಹಿಡಿದಿಡಲು ಬೆಂಗಳೂರಿನ ಅಂಗಡಿಯೊಂದರಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದೆ. ಹೆಲ್ಮೆಟ್ಟಿನಂಥ ಭಾರದ ಸಾಮಾನು. ಒಳಗೆ ಒಂದೊಂದು ಕಣ್ಣಿಗೆ ಒಂದೊಂದು ಪುಟ್ಟ ಟಿ.ವಿ., ಅದರ ಮುಂದೊಂದು ಗಾಜು. ಹಾಕಿಕೊಂಡು ಕತ್ತು ತಿರುಗಿಸಿದರೆ ಒಳಗೆ ಕಾಣುವ ಕಲ್ಲಿನ ಕೋಣೆಯೂ ತಿರುಗುತ್ತದೆ. ಹತ್ತು ನಿಮಿಷಕ್ಕೆ ಕತ್ತುನೋವು, ಹದಿನೈದಕ್ಕೆ ವಾಂತಿ. ಆದರೂ ಜನ ಬಂದರು. ಬಿಟ್ಟಿ ಸಿಕ್ಕರೆ ನಮ್ಮವರು ವಾಂತಿಗೂ ಸಾಲು ನಿಲ್ಲುತ್ತಾರೆ.

ಅದೇ ವರ್ಷ ಊರಿನ ಒಂದು ಶಾಲೆ ಬಸ್ಸು ಕೊಂಡಿತು. ಶಾಲೆಯ ಅಧ್ಯಕ್ಷ ಗುರುಸಂಗಪ್ಪನವರು ಡ್ರೈವರ್ ಹುಡುಕುತ್ತಿದ್ದಾಗ, ಆಯುಧಪೂಜೆಗೆ ಒಂದು ತಿಂಗಳ ಮುಂಚೆ, ನಾನು ಮೈಲಪ್ಪನ ಹೆಸರು ಹೇಳಿದೆ. ಹಬ್ಬ ಕಳೆದ ಮೇಲೆ ತಿಳಿಸುತ್ತೇನೆಂದಿದ್ದರು. ಮೈಲಪ್ಪ ನನ್ನ ಬಾಲ್ಯದ ಗೆಳೆಯ. ಅವನ ಅಪ್ಪ ಕುರಿ ಕಾಯ್ದವನು, ಇವನು ಹನ್ನೆರಡು ವರ್ಷ ಉಜ್ಜಿನಿ, ಕೂಡ್ಲಿಗಿ ದಾರಿಯಲ್ಲಿ ಬಾಡಿಗೆ ಮೆಟಡೋರ್ ಓಡಿಸಿದವನು. ಬಾಡಿಗೆ ಸಿಕ್ಕ ದಿನ ಉಂಟು, ಸಿಗದ ದಿನ ಇಲ್ಲ. ಶಾಲೆಯ ಕೆಲಸ ಸಿಕ್ಕರೆ ಅವನ ಹೆಂಡತಿ ಮಂಜಮ್ಮ ನಡುನೋವು ಕಟ್ಟಿಕೊಂಡು ಕೂಲಿಗೆ ಹೋಗುವುದು ತಪ್ಪುತ್ತಿತ್ತು.

ಒಂದು ವಿಷಯ ಮಾತ್ರ ನಾನು ಗುರುಸಂಗಪ್ಪನವರಿಗೆ ಹೇಳಲಿಲ್ಲ. ಎರಡು ವರ್ಷದ ಹಿಂದೆ ಟಯರ್ ಬಿಚ್ಚುವಾಗ ರಾಡು ಸಿಡಿದು ಬಡಿದು, ಮೈಲಪ್ಪನ ಎಡಗಣ್ಣಿನ ನರ ಸತ್ತಿತ್ತು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇತ್ತು. ಗೊತ್ತಿದ್ದವರು ಮೂರೇ ಜನ: ಅವನು, ಮಂಜಮ್ಮ, ನಾನು. ಈ ಎರಡು ವರ್ಷದಲ್ಲಿ ಅವನು ದಾರಿಯ ಒಂದು ಕೋಳಿಯ ಮೇಲೂ ಗಾಡಿ ಹಾಯಿಸಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆಯುಧಪೂಜೆಯ ದಿನ ನಮ್ಮ ಕಡೆ ತಕ್ಕಡಿ, ಕುಡುಗೋಲು, ಹೊಲಿಗೆ ಯಂತ್ರ ಎಲ್ಲವೂ ಹಣೆಯೊಡ್ಡಿ ಕೂರಲೇಬೇಕು. ನನ್ನ ತಾಯಿ ಕೊಟ್ರಬಸಮ್ಮ ಮಾನಿಟರುಗಳಿಗೆಲ್ಲ ವಿಭೂತಿ ಎಳೆದು ಹೆಲ್ಮೆಟ್ಟಿನ ಬಳಿ ಬಂದರು. ತಿರುಗಿಸಿ ನೋಡಿದರೆ ಒಳಗೆ ಎರಡು ಕಣ್ಣು. ದುಡಿಯುವುದು ಕಣ್ಣೇ ತಾನೆ, ಪೂಜೆ ಅದಕ್ಕೇ ಸಲ್ಲಬೇಕು ಎಂದು ಎಡಗಾಜಿನ ತುಂಬ ತೇಯ್ದ ಗಂಧ ಮೆತ್ತಿಬಿಟ್ಟರು. ಬಲಗಾಜಿಗೆ ಕೈ ಹೋಗುವಷ್ಟರಲ್ಲಿ ನಾನು ತಡೆದೆ. ಆದರೆ ಹಚ್ಚಿದ್ದನ್ನು ಒರೆಸಲು ಅವರು ಬಿಡಲಿಲ್ಲ. ಪೂಜೆಯ ಗಂಧ ಅಂದೇ ಅಳಿಸಬಾರದಂತೆ. ಅಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಸಂಜೆ ಪ್ರಸಾದಕ್ಕೆ ಗುರುಸಂಗಪ್ಪನವರು ಇಬ್ಬರು ಸ್ನೇಹಿತರೊಂದಿಗೆ ಬಂದರು. ಊರೆಲ್ಲ ಮಾತಾಡುವ ಹೆಲ್ಮೆಟ್ಟನ್ನು ತಾವೂ ಹಾಕಿ ನೋಡಬೇಕೆಂದರು. ಮೂವರೂ ಸರದಿಯಂತೆ ಹಾಕಿದರು, ಮೂವರಿಗೂ ಎಡಗಡೆ ಬರೀ ಮಬ್ಬು. ತಮಗೆ ಪೊರೆ ಬಂತೆಂದೇ ಹೆದರಿದ್ದಾಗಿ ಗುರುಸಂಗಪ್ಪನವರು ಹೇಳಿದರು. ಅಮ್ಮನ ಪೂಜೆಯ ಕಥೆ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನ ನಡುವೆಯೇ ಅವರು ಒಂದು ಸುದ್ದಿ ಕೊಟ್ಟರು: ಬಸ್ಸು ಓಡಲು ಶುರುವಾದ ಮೇಲೆ ನಮ್ಮ ಓಣಿಗೂ ಬರುತ್ತದೆ, ನನ್ನ ಮಗಳು ಗೀತಾಂಜಲಿಯ ಹೆಸರನ್ನೂ ಸೇರಿಸಿದ್ದಾರೆ. ಎರಡನೇ ತರಗತಿಯ ಅವಳನ್ನು ಅಲ್ಲಿಯವರೆಗೆ ನಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ.

ಆಗ ಮೈಲಪ್ಪ ಬಂದ. ಅಧ್ಯಕ್ಷರು ಇರುತ್ತಾರೆಂದು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅಲ್ಲಿಯವರೆಗೆ ನಡೆದ ನಗು ಅವನಿಗೆ ಗೊತ್ತಿರಲಿಲ್ಲ. ಗೀತಾಂಜಲಿಯೂ ಬಸ್ಸಿಗೆ ಬರುವ ಸುದ್ದಿಯನ್ನಷ್ಟೇ ಗುರುಸಂಗಪ್ಪನವರು ಅವನಿಗೂ ಹೇಳಿದರು. ನೀನೂ ಒಂದು ಸಲ ನೋಡು ಎಂದು ಹೆಲ್ಮೆಟ್ಟು ಕೊಟ್ಟರು. ತಮಾಷೆಗೆ ಕೊಟ್ಟದ್ದು, ಬೇರೆ ಉದ್ದೇಶವೇನೂ ಇರಲಿಲ್ಲ. ಅವನು ಹಾಕಿಕೊಂಡು ಎಡಕ್ಕೆ, ಬಲಕ್ಕೆ ನಿಧಾನವಾಗಿ ಕತ್ತು ತಿರುಗಿಸಿದ.

"ಹೆಂಗ ಕಾಣ್ತೈತಿ ಮೈಲಪ್ಪ?" ಎಂದರು ಗುರುಸಂಗಪ್ಪನವರು.

"ಎರಡೂ ಕಣ್ಣಿಗೆ ಸ್ವಚ್ಛ ಕಾಣ್ತೈತ್ರಿ. ಒಂದೀಟೂ ಮಬ್ಬಿಲ್ಲ."

ಯಾರೂ ನಗಲಿಲ್ಲ. ಗುರುಸಂಗಪ್ಪನವರು ನನ್ನ ಕಡೆ ತಿರುಗಿದರು.

"ಸೋಮಶೇಖರ, ಆ ಗಾಜು ಒರೆಸಿದ್ದಿಯೇನು?"

ಒರೆಸಿದೆ ಎನ್ನಬಹುದಿತ್ತು. ಒಂದೇ ಮಾತು, ಅಲ್ಲಿಗೆ ಮುಗಿಯುತ್ತಿತ್ತು. ಊರಿನ ನಲವತ್ತು ಮಕ್ಕಳ ಬಸ್ಸಿಗೆ ಇವನ ಹೆಸರು ಹೇಳಿದ ಬಾಯಿ ನನ್ನದೇ. ಆದರೆ ಬಸ್ಸಿನ ಬಾಗಿಲು ಇರುವುದು ಎಡಕ್ಕೆ, ಮಕ್ಕಳು ಇಳಿಯುವುದೂ ಎಡಕ್ಕೆ. ಆ ಬಾಗಿಲ ಪಕ್ಕದಲ್ಲಿ ಚೀಲ ಹಿಡಿದು ನಿಂತಂತೆ ನನಗೆ ಕಂಡದ್ದು ಒಂದೇ ಮಗು.

"ಇಲ್ರಿ, ಒರೆಸಿಲ್ಲ," ಎಂದೆ.

ಗುರುಸಂಗಪ್ಪನವರು ದೊಡ್ಡ ಮನುಷ್ಯರು, ಎಲ್ಲರೆದುರು ಏನೂ ಕೇಳಲಿಲ್ಲ. ಪ್ರಸಾದ ತೆಗೆದುಕೊಂಡು, ಬಸ್ಸಿನ ವಿಷಯ ಆಮೇಲೆ ಹೇಳಿ ಕಳಿಸುತ್ತೇನೆಂದು ಮೈಲಪ್ಪನಿಗೆ ಹೇಳಿ ಹೊರಟರು. ಮೈಲಪ್ಪ ಹೆಲ್ಮೆಟ್ಟು ತೆಗೆದು ಒಳಗೆ ನೋಡಿದ. ಎಡಗಾಜಿನ ಮೇಲೆ ಬೆರಳು ಎಳೆದ, ಗಂಧ ಹತ್ತಿಕೊಂಡಿತು. ಅವನಿಗೆ ಎಲ್ಲವೂ ತಿಳಿಯಿತು. ಮಕ್ಕಳ ಜೀವದ ವಿಷಯ, ಸುಳ್ಳು ಹೇಳಲು ಬಾಯಿ ಬರಲಿಲ್ಲ ಎಂದು ನಾನು ತೊದಲಿದೆ.

"ಹೋದ ತಿಂಗಳು ನನ್ನ ಹೆಸರು ಹೇಳುವಾಗ ಬಾಯಿ ಬಂದಿತ್ತಲ್ಲೋ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಂದಿ ಮಕ್ಕಳಿಗೆ ಈ ಡ್ರೈವರ್ ನಡೀತಿದ್ದ. ನಿನ್ನ ಮಗಳಿಗೆ ನಡೀಲಿಲ್ಲ."

ಅವನು ಮಂಜಮ್ಮನಿಗೂ ಒಂದು ಪೊಟ್ಟಣ ಪ್ರಸಾದ ಕಟ್ಟಿಸಿಕೊಂಡು ಹೋದ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಆದರೆ ಗುರುಸಂಗಪ್ಪನವರು ಮರುದಿನ ಬಂದು ಮತ್ತೊಮ್ಮೆ ಕೇಳಿದ್ದರೂ ನಾನು ಅದೇ ಉತ್ತರ ಕೊಡುತ್ತಿದ್ದೆ, ಅದೇ ಕಾರಣಕ್ಕೆ.