ಟ್ಯೂಷನ್ನಿಗೆ ಬಂದ ಟೀಚರ್

ಗೌತಮಿ ಗಡಿನಾಡಿನ ಸೀತಾಂಗೋಳಿಯ ಕಡೆ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ದಿನವೇತನದ ಕೆಲಸ. ಜೂನ್‌ನಲ್ಲಿ ಕಾಯಂ ಹುದ್ದೆಗೆ ಮಲಯಾಳ ಮಾತಾಡುವ ದೂರದ ಕೊಲ್ಲಂನಿಂದ ಸ್ಮಿಜ ಎಂಬ ಟೀಚರ್ ಬಂದರು, ಗೌತಮಿ ಮನೆಯಲ್ಲಿ ಉಳಿದಳು. ದಿನವೇತನದವರ ಹಣೆಬರಹವೇ ಅಷ್ಟು ಎಂದು ತಾನೇ ನಗುತ್ತಾ ಎಲ್ಲರಿಗೂ ಹೇಳಿದಳು. ಒಳಗೆ ಮಾತ್ರ ಉರಿಯುತ್ತಿತ್ತು.

ಮಳೆ ಹಿಡಿಯುವ ಹೊತ್ತಿಗೆ ಅಕ್ಕು ಬಂದಳು. ಪಕ್ಕದ ಅನಂತಪುರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸು. ಅವಳ ಮಗ ಕುಶಲ್ ಹತ್ತನೇ ಕ್ಲಾಸು.

“ಟೀಚರೇ, ಹೊಸ ಟೀಚರಿಗೆ ಕನ್ನಡ ಬರುವುದೇ ಇಲ್ಲ. ಪೇಟೆಯ ಮಲಯಾಳವಾದರೆ ಇವನಿಗೆ ಅರ್ಥ ಆಗ್ತದೆ. ಲೆಕ್ಕದ ಮಲಯಾಳ ಬೇರೆಯೇ ಉಂಟಲ್ಲ! ನೀವು ಟ್ಯೂಷನ್ ಕೊಡದಿದ್ದರೆ ಇವನ ಕಥೆ ಮುಗೀತು.”

ಹಾಗೆ ಶನಿವಾರದ ಬೆಳಿಗ್ಗೆ ಗೌತಮಿಯ ಜಗಲಿಯಲ್ಲಿ ಮಕ್ಕಳು ಸೇರತೊಡಗಿದರು. ಪಾಠದ ನಡುವೆ ಹೊಸ ಟೀಚರಿನ ಅಣಕವೂ ನಡೆಯುತ್ತಿತ್ತು. ಅದರಲ್ಲಿ ಮೋಕ್ಷಿತಾ ಎಲ್ಲರಿಗಿಂತ ಮುಂದೆ.

“ವೃತ್ತದಲ್ಲಿ ಗೆರೆ ಎಳೆದು ‘ಞಾಣ್, ಞಾಣ್’ ಅಂತ ಬೋರ್ಡಿಗೆ ಬಡಿದದ್ದೇ ಬಡಿದದ್ದು. ಮಲಯಾಳದಲ್ಲಿ ಞಾನ್ ಅಂದ್ರೆ ನಾನು ಅಲ್ವಾ? ಇವರು ಎಂತ, ಆ ಗೆರೆ ನಾನೇ ಅಂತ ಹೇಳ್ತಾರಾ ಅಂತ ನಾವು ಎಣಿಸಿದ್ದು!”

ವೃತ್ತದೊಳಗಿನ ಆ ಗೆರೆಗೆ, ಕನ್ನಡದ ಜ್ಯಾಕ್ಕೆ, ಮಲಯಾಳದಲ್ಲಿ ಞಾಣ್ ಎನ್ನುತ್ತಾರೆಂದು ಗೌತಮಿಗೆ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳೊಂದಿಗೆ ಹೊಟ್ಟೆ ತುಂಬ, ಬಹಳ ಹೊತ್ತು ನಕ್ಕಳು. ನಗು ನಿಲ್ಲಿಸಿ ತಲೆಯೆತ್ತಿದರೆ ಮೆಟ್ಟಿಲ ಬುಡದಲ್ಲಿ ಕೊಡೆ ಮಡಚುತ್ತಾ ಸ್ಮಿಜ ನಿಂತಿದ್ದರು.

ಸ್ಮಿಜ ಮಲಯಾಳದಲ್ಲಿ, ನಿಧಾನವಾಗಿ, ತಾನು ಕನ್ನಡ ಕಲಿಯಬೇಕು, ಲೆಕ್ಕದ ಕನ್ನಡವನ್ನೇ ಕಲಿಯಬೇಕು, ಹಿಂದೆ ಕೂತುಕೊಳ್ಳುತ್ತೇನೆ, ಪಾಠ ನಿಲ್ಲಿಸಬೇಡಿ ಎಂದರು. ಆಗುವುದಿಲ್ಲ ಎಂಬ ಮಾತು ಗೌತಮಿಯ ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರು ಚಾಪೆಯ ಮೇಲೆ, ಮೋಕ್ಷಿತಾಳ ಪಕ್ಕದಲ್ಲೇ ಕೂತಾಗಿತ್ತು. ಮೋಕ್ಷಿತಾ ಕೆಂಪಗಾಗಿ ಪುಸ್ತಕದಲ್ಲಿ ಮುಖ ಹುದುಗಿಸಿದಳು.

ಸ್ಮಿಜ ಅವಳ ಕಡೆ ಬಾಗಿ ಪುಸ್ತಕದ ವೃತ್ತದಲ್ಲಿ ಆ ಗೆರೆಯನ್ನೇ ತೋರಿಸಿದರು. “ಇದಕ್ಕೆ ಕನ್ನಡದಲ್ಲಿ?”

“ಜ್ಯಾ,” ಎಂದಳು ಹುಡುಗಿ, ಕೇಳಿಯೂ ಕೇಳಿಸದ ಹಾಗೆ.

“ಜ್ಯಾ. ಜ್ಯಾ.” ಅವರು ಹೇಳಿದ ರೀತಿಗೆ ಯಾರೂ ನಗಲಿಲ್ಲ.

ಮತ್ತಿನ ಶನಿವಾರಗಳಲ್ಲೂ ಬಂದರು. ತಪ್ಪು ಹೇಳಿದರೆ ಮಕ್ಕಳೇ ತಿದ್ದುತ್ತಿದ್ದರು. ಟೀಚರನ್ನು ತಿದ್ದುವುದೆಂದರೆ ಅವರಿಗೆ ಹಬ್ಬ. ಗೌತಮಿ ಮಾತ್ರ ಬಿಗಿದುಕೊಂಡೇ ಇದ್ದಳು.

ಆ ಬಿಗಿ ಸಡಿಲಿದ್ದು ಕುಶಲನಿಂದ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ಅವನು ಗಿಳಿಯ ಹಾಗೆ ಒಪ್ಪಿಸಿದ. ಏಕೆ ಎಂದು ಸ್ಮಿಜ ಕೇಳಿದರೆ ಗೌತಮಿಯ ಮುಖ ನೋಡಿದ. ಅವನಿಗೆ ಅದನ್ನು ಉರು ಹೊಡೆಸಿದ್ದು ಅವಳೇ.

ಸ್ಮಿಜ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಹಾಸಿ, ಎರಡು ಗುಂಡುಸೂಜಿಗಳನ್ನು ದೂರ ದೂರ ಚುಚ್ಚಿದರು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಕುಶಲನಿಗೆ ಕೊಟ್ಟರು. “ಈ ಮೂಲೆ ಸೂಜಿಗಳ ನಡುವೆ ಇಡು. ಈ ಅಂಚು ಈ ಸೂಜಿಗೆ, ಆ ಅಂಚು ಆ ಸೂಜಿಗೆ ತಾಗಬೇಕು. ಮೂಲೆ ಎಲ್ಲಿ ಉಂಟೋ ಅಲ್ಲಿ ಚುಕ್ಕಿ. ಈಗ ಅಂಚು ಸೂಜಿ ಬಿಡದ ಹಾಗೆ ಸ್ವಲ್ಪ ತಿರುಗಿಸು. ಇನ್ನೊಂದು ಚುಕ್ಕಿ.”

ಕುಶಲ್ ತಿರುಗಿಸುತ್ತಾ, ಚುಕ್ಕಿ ಇಡುತ್ತಾ ಹೋದ. ಇದ್ದಕ್ಕಿದ್ದಂತೆ ಕೈ ನಿಂತಿತು.

“ಹೋ! ಅರ್ಧವೃತ್ತ ತನ್ನಷ್ಟಕ್ಕೇ ಬಂತು! ನಾನು ಕೈವಾರ ಮುಟ್ಟಲೇ ಇಲ್ಲ ಮಾರಾಯ್ರೇ!”

ಆಮೇಲೆ ಅದು ಯಾಕೆ ಹಾಗೆ ಎಂದು ಹುಡುಕಲು ಹೊರಟವನು ಊಟದ ಹೊತ್ತಾದರೂ ಏಳಲಿಲ್ಲ. ಅವನ ಕಣ್ಣಲ್ಲಿ ಆ ಹೊಳಪನ್ನು ಗೌತಮಿ ಒಮ್ಮೆಯೂ ಕಂಡಿರಲಿಲ್ಲ. ಮೊದಲು ಹೊಟ್ಟೆಕಿಚ್ಚಾದದ್ದು ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ ಖುಷಿ ಉಕ್ಕಿತು. ಅವತ್ತು ಮೊದಲ ಬಾರಿ ಅವಳು ಸ್ಮಿಜರನ್ನು ಊಟಕ್ಕೆ ಕೂರಿಸಿದಳು.

ಡಿಸೆಂಬರಿನ ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಶಾಲೆಯಲ್ಲಿ ಸ್ಮಿಜರ ಪಾಠ ಕನ್ನಡದಲ್ಲೇ ನಡೆಯುತ್ತಿತ್ತು. ತಪ್ಪುಗಳಿದ್ದವು, ಆದರೆ ಲೆಕ್ಕ ತಲೆಗೆ ಹೋಗುತ್ತಿತ್ತು. ಹತ್ತನೆಯವರಿಗೆ ಇನ್ನು ಟ್ಯೂಷನ್ ಬೇಡವೆಂದು ಗೌತಮಿಯೇ ಅಕ್ಕುವಿಗೆ ಹೇಳಿದಳು. ಅಕ್ಕು ಮರುದಿನ ಬಾಳೆಎಲೆಯಲ್ಲಿ ಬೇಯಿಸಿದ ಬೆಲ್ಲದ ಕಡುಬು ‘ಗಟ್ಟಿ’ ಹಿಡಿದುಕೊಂಡು ಬಂದಳು. “ಆ ಟೀಚರಿನಲ್ಲಿಗೂ ಹೋಗುವ, ನೀವೂ ಬನ್ನಿ,” ಎಂದಳು.

ಸ್ಮಿಜರ ಬಾಡಿಗೆ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸಲು ತಾನು ಬೇಕಾದೀತೆಂದು ಗೌತಮಿ ಎಣಿಸಿದ್ದಳು. ಆದರೆ ಅಕ್ಕು ಫ್ಯಾಕ್ಟರಿಯಲ್ಲಿ ಕಲಿತ ಮಲಯಾಳದಲ್ಲಿ, ಸ್ಮಿಜ ಜಗಲಿಯಲ್ಲಿ ಕಲಿತ ಕನ್ನಡದಲ್ಲಿ ನಿಲ್ಲಿಸದೆ ಮಾತಾಡಿದರು. “ಅವನೀಗ ತಂಗಿಗೆ ಲೆಕ್ಕ ಹೇಳಿಕೊಡ್ತಾನೆ,” ಎಂದು ಅಕ್ಕು ಎರಡೆರಡು ಸಲ ಹೇಳಿದಳು.

“ನಾನೂ ನಿಮಗೆ ಥ್ಯಾಂಕ್ಸ್ ಹೇಳಲಿಕ್ಕೆ ಉಂಟು ಟೀಚರೇ,” ಎಂದಳು ಗೌತಮಿ.

“ಎಂತಕ್ಕೆ?”

“ಅವತ್ತು ನಾವು ನಗುವುದು ಕೇಳಿ ನೀವು ತಿರುಗಿ ಹೋಗಬಹುದಿತ್ತು.”

“ಹೋದೆ. ಮಾರ್ಗದವರೆಗೆ ಹೋಗಿ ವಾಪಾಸು ಬಂದದ್ದು,” ಎಂದು ಸ್ಮಿಜ ಗಟ್ಟಿಯ ಎಲೆ ಬಿಡಿಸಿದರು. “ಕಾಯಂ ಟೀಚರ್ ಹುದ್ದೆಯ ಮುಂದಿನ ಪರೀಕ್ಷೆಗೆ ನೀವು ಕೂರಬೇಕು. ಶನಿವಾರ ನಾನು ಬರ್ತೇನೆ, ಒಟ್ಟಿಗೆ ಓದುವ.”

ಆಯಿತು ಎಂಬಂತೆ ಗೌತಮಿ ತಲೆಯಾಡಿಸಿದಳು. ಅಕ್ಕು ಇಬ್ಬರ ತಟ್ಟೆಗೂ ಇನ್ನೊಂದೊಂದು ಗಟ್ಟಿ ಹಾಕಿ, ಬಿಸಿ ಆರುವ ಮೊದಲು ತಿನ್ನಿ ಎಂದು ಗದರಿದಳು.