ಎಲೆಯ ಚಿತ್ರವಿದ್ದ ಪೊಟ್ಟಣ

ಜಂಗಮಕೋಟೆಯ ಶಾಂತಕುಮಾರಿಗೆ ನಲವತ್ತು ತುಂಬುವ ಮೊದಲೇ ಅರ್ಧ ತಲೆ ನರೆತಿತ್ತು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಕನ್ನಡಿ ನೋಡಿಕೊಳ್ಳಲು ಯಾರಿಗೆ ಪುರುಸೊತ್ತು? ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಒಂದು ದಿನ ಮಗಳು ಯಾಮಿನಿಯ ಶಾಲೆಗೆ ಹೋದಾಗ ಯಾವುದೋ ಹುಡುಗಿ, "ಯಾಮಿನಿ, ನಿಮ್ಮಜ್ಜಿ ಬಂದವ್ರೆ ಕಣೇ!" ಎಂದು ಕೂಗಿದಳು. ಯಾಮಿನಿ ಅಲ್ಲ ಎನ್ನಲಿಲ್ಲ, ತಲೆ ತಗ್ಗಿಸಿ ನಿಂತಳು. ಅದನ್ನು ಕಂಡ ಶಾಂತಕುಮಾರಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಈಗ ಅದೇ ಶಾಲೆಯಲ್ಲಿ ಶುಕ್ರವಾರ ಬಹುಮಾನದ ಸಮಾರಂಭ. ಯಾಮಿನಿಗೆ ಗಣಿತದಲ್ಲಿ ಮೊದಲ ಬಹುಮಾನ. ಅಪ್ಪ ಅಮ್ಮ ಇಬ್ಬರೂ ವೇದಿಕೆ ಹತ್ತಬೇಕಂತೆ. ಬುಧವಾರ ಶಾಂತಕುಮಾರಿ ಅಂಗಡಿಯಿಂದ 'ಕಪ್ಪು ಮೆಹಂದಿ'ಯ ಪೊಟ್ಟಣ ತಂದಳು. ಮೇಲೆ ಹಸಿರೆಲೆಯ ಚಿತ್ರವಿತ್ತು.

"ಅತ್ತೆ, ಅರ್ಧ ಗಂಟೇಲಿ ಕಪ್ಪಾಗುತ್ತಂತೆ. ಏನೂ ಆಗಲ್ಲ ಅಲ್ವಾ?"

"ಸೊಪ್ಪು ತಾನೇ, ಏನಾಗುತ್ತಮ್ಮ? ಹಚ್ಕೋ," ಎಂದರು ಅತ್ತೆ ಕದಿರಮ್ಮ.

ಕೂದಲು ಕಾಡಿಗೆಯಂತೆ ಕಪ್ಪಾಯಿತು. ಎಷ್ಟೋ ವರ್ಷದ ಮೇಲೆ ಶಾಂತಕುಮಾರಿ ಕನ್ನಡಿಯ ಮುಂದೆ ನಿಂತು ನಕ್ಕಳು. ಆ ನಗು ಒಂದು ದಿನವೂ ಉಳಿಯಲಿಲ್ಲ. ಗುರುವಾರ ನೆತ್ತಿ ಉರಿಯತೊಡಗಿತು, ಕಿವಿಯ ಸುತ್ತ ನೀರುಗುಳ್ಳೆ ಎದ್ದವು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಮುಖ ಗುರುತು ಸಿಗದಷ್ಟು ಊದಿ, ಎರಡು ಕಣ್ಣೂ ಮುಚ್ಚಿಹೋಗಿದ್ದವು.

"ಅಯ್ಯೋ ದೇವುಡಾ, ಯಾರ ಕಣ್ಣು ಬಿತ್ತೋ!" ಎಂದು ಕದಿರಮ್ಮ ಅರಿಶಿನ ತೇಯಲು ಕೂತರು. ಶಾಂತಕುಮಾರಿಯ ಗಂಡ ಕೃಷ್ಣಮೂರ್ತಿ ಓಡಿಹೋಗಿ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಶೋಭಾರಾಣಿಯನ್ನು ಕರೆತಂದ.

"ದೃಷ್ಟಿ ಅಲ್ಲ ಅಜ್ಜಿ, ಇದು ಬಣ್ಣದ ಕೆಲಸ. ಅರಿಶಿನ ಗಿರಿಶಿನ ಏನೂ ಹಚ್ಬೇಡಿ. ಶಾಂತಕ್ಕ, ಉಸಿರಾಡಕ್ಕೆ ಕಷ್ಟ ಆಗ್ತಿದೆಯಾ?"

"ಇಲ್ಲ. ಆದ್ರೆ ಏನೂ ಕಾಣಿಸ್ತಿಲ್ಲ ಶೋಭಾ. ಕಣ್ಣು ಹೋಯ್ತೇನೇ?"

ಶೋಭಾರಾಣಿ ಕೂಡಲೇ ಆಟೋ ತರಿಸಿದಳು. ಹೊರಡುವಾಗ ಯಾಮಿನಿ ಅಮ್ಮನ ಸೆರಗು ಹಿಡಿದುಕೊಂಡು, "ನಾನು ಶಾಲೆಗೆ ಹೋಗಲ್ಲ. ಅವತ್ತು ನಾನು ಬಾಯಿ ಬಿಟ್ಟಿದ್ರೆ ನೀನು ಇದನ್ನ ಹಚ್ಕೋತಿರ್ಲಿಲ್ಲ," ಎಂದು ಅತ್ತಳು.

"ಹೋಗಮ್ಮ. ಅಪ್ಪ ಬರ್ತಾರೆ. ಈ ಮುಖ ಇಟ್ಕೊಂಡು ನಾನೆಲ್ಲಿ ಬರ್ಲಿ?"

ಕಣ್ಣು ಉಳಿಯಿತು. ಆದರೆ ತಾಲ್ಲೂಕು ಆಸ್ಪತ್ರೆಯ ಮಂಚದ ಮೇಲೆ ಶಾಂತಕುಮಾರಿ ಮೂರು ದಿನ ಕತ್ತಲಲ್ಲೇ ಮಲಗಿದ್ದಳು. ಆ ಪೊಟ್ಟಣದ ಪುಡಿಗೆ ಕಪ್ಪಾಗಲೆಂದು ಬೆರೆಸಿದ್ದ ರಾಸಾಯನಿಕ ಒಮ್ಮೆ ಮೈಗೆ ಒಗ್ಗದಿದ್ದರೆ ಸಾಯುವವರೆಗೂ ಒಗ್ಗುವುದಿಲ್ಲ, ಇನ್ನೊಮ್ಮೆ ಹಚ್ಚಿದರೆ ಜೀವಕ್ಕೇ ಕುತ್ತು ಬರಬಹುದು ಎಂದರು ವೈದ್ಯರು. ಹಣೆಯ ಕಪ್ಪು ಕಲೆ ಹೋಗುತ್ತದೆಂದು ಅವರೂ ಭರವಸೆ ಕೊಡಲಿಲ್ಲ. ಮನೆಗೆ ಬಂದವಳು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಸಂಘಕ್ಕೂ ಹೋಗಲಿಲ್ಲ, ಡೇರಿಗೂ ಹೋಗಲಿಲ್ಲ.

ಒಂದು ದಿನ ಶೋಭಾರಾಣಿ ಬಂದು ಎದುರಿಗೆ ಕೂತಳು. "ಶಾಂತಕ್ಕ, ಬೇರೆಯವರ ತೋಟದಿಂದ ಹಿಪ್ಪುನೇರಳೆ ಸೊಪ್ಪು ತಂದ್ರೆ ಹುಳಕ್ಕೆ ಹಂಗೇ ಹಾಕ್ತೀರಾ?"

"ಎಲ್ಲಾದ್ರೂ ಉಂಟಾ? ಔಷಧಿ ಹೊಡ್ದಿರ್ತಾರೆ. ಮೊದ್ಲು ನಾಲ್ಕು ಹುಳಕ್ಕೆ ಹಾಕಿ ನೋಡ್ತೀವಿ."

"ಹುಳಕ್ಕೆ ನೋಡ್ತೀರ. ನಿಮ್ಮ ತಲೆಗೆ?"

ಶಾಂತಕುಮಾರಿ ಮುಖ ಮುಚ್ಚಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ನಾನಾದ್ರೂ ಹೇಳ್ಬೇಕಿತ್ತು," ಎಂದರು ಕದಿರಮ್ಮ. "ಹಿತ್ತಲ ಗೋರಂಟಿ ನಮ್ಮ ಕಾಲದಿಂದ ಕೆಂಪಗೇ ಹತ್ತೋದು. ಕಪ್ಪು ಯಾವತ್ತು ಬಂದಿತ್ತು? ಆದ್ರೂ ನಂಗೆ ಹೊಳೀಲಿಲ್ಲ. ಇನ್ಮೇಲೆ ಸೊಪ್ಪೂ ಬೇಡ, ಪುಡೀನೂ ಬೇಡ."

"ಗೋರಂಟಿ ಏನು ತಪ್ಪು ಮಾಡ್ತು ಅಜ್ಜಿ? ಎಲೆ ಅರೆದು, ಟೀ ಡಿಕಾಕ್ಷನ್ನು, ನೆಲ್ಲಿಕಾಯಿ ಪುಡಿ ಸೇರ್ಸಿ, ಕಬ್ಬಿಣದ ಬಾಣಲೇಲಿ ರಾತ್ರಿ ನೆನೆಸಿಡಿ. ಬೆಳಗ್ಗೆ ಹಚ್ಚಿ ಎರಡು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳ್ಕೊಳ್ಳಿ. ಕೆಂಗಂದು ಬಣ್ಣ ಬರುತ್ತೆ. ಕಪ್ಪೇ ಬೇಕಂದ್ರೆ ಅದರ ಮೇಲೆ ನೀಲಿ ಗಿಡದ ಎಲೆ ಪುಡಿ ಹಚ್ಬೇಕು. ಆದ್ರೆ ಸೊಪ್ಪೂ ಕೆಲವರಿಗೆ ಆಗಲ್ಲ. ಅದಕ್ಕೇ ಚರ್ಮ ಪೂರ್ತಿ ವಾಸಿಯಾಗ್ಲಿ, ಡಾಕ್ಟರನ್ನ ಕೇಳಣ, ಆಮೇಲೆ ಕಿವಿ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಣ."

ನಾಲ್ಕು ತಿಂಗಳು ಕಳೆದವು. ವೈದ್ಯರು ಒಪ್ಪಿದ ಮೇಲೆ ಕದಿರಮ್ಮನೇ ಸೊಪ್ಪು ಅರೆದರು, ಯಾಮಿನಿ ಅಮ್ಮನ ಕಿವಿಯ ಹಿಂದೆ ಹಚ್ಚಿದಳು. ಎರಡು ದಿನವೂ ಮನೆಯವರೆಲ್ಲ ಬಂದು ಬಂದು ನೋಡಿದರು. ಏನೂ ಆಗಲಿಲ್ಲ. ಶಾಂತಕುಮಾರಿಯ ತಲೆ ಈಗ ಕೆಂಗಂದು. ಅವಳಿಗೆ ಅದರಲ್ಲಿ ಸಂತೋಷವೇನೂ ಇಲ್ಲ. ಹಣೆಯ ಕಲೆ ಹಾಗೇ ಇದೆ. ಬಹುಮಾನದ ಫೋಟೋದಲ್ಲಿ ಅಪ್ಪ ಮಗಳು ಇಬ್ಬರೇ ಇದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ನರೆ ರೋಗವಲ್ಲ, ಮುಚ್ಚಲೇಬೇಕೆಂದೇನೂ ಇಲ್ಲ. ಬಣ್ಣ ಬೇಕೆನಿಸಿದರೆ ಎಲೆಯ ಚಿತ್ರ ನೋಡಿ ಮೋಸಹೋಗಬೇಡಿ, ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿಸಿ. ನಿಮಿಷಗಳಲ್ಲಿ ಕಪ್ಪಾಗುವುದು ಬರೀ ಸೊಪ್ಪಲ್ಲ. ಮನೆಯ ಗೋರಂಟಿಯಾದರೂ ಸರಿ, ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯಿರಿ. ತುರಿಕೆ ಬಂದರೆ ಬಿಟ್ಟುಬಿಡಿ. ಮುಖ ಊದಿದರೆ, ಉಸಿರು ಕಟ್ಟಿದರೆ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಎರಡು ದಿನ ಯಾರು ಕಾಯುತ್ತಾರೆ ಎನ್ನಬೇಡಿ. ಶಾಂತಕುಮಾರಿಗೂ ಬುಧವಾರದಿಂದ ಶುಕ್ರವಾರಕ್ಕೆ ಸರಿಯಾಗಿ ಎರಡು ದಿನ ಇತ್ತು. ಅಂದು ಕಿವಿಯ ಹಿಂದೆ ಒಂದು ಚೂರು ಹಚ್ಚಿ ನೋಡಿದ್ದರೆ, ಚೂರೇ ಚೂರು ತುರಿಕೆಯೊಂದಿಗೆ, ನರೆತ ತಲೆಯಲ್ಲೇ, ಅವಳು ಮಗಳ ಪಕ್ಕದಲ್ಲಿ ನಿಂತಿರುತ್ತಿದ್ದಳು.